ರಿಕಾರ್ಡಿನ ತಪ್ಪು ಹುಡುಕುವ ಗಜೇಂದ್ರಗಡದ ಕಿವಿ

ಹ್ಯಾಮ್‌ಟ್ರಾಮ್ಕ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಡೆಟ್ರಾಯಿಟ್ ನಗರದ ಹೊಟ್ಟೆಯೊಳಗೆ ಬೇರೆಯದೇ ಊರಾಗಿ ಕುಳಿತಿರುವ ಪುಟ್ಟ ಪಟ್ಟಣ ಇದು. ಮಸೀದಿಯ ಆಜಾನ್ ಈಗಷ್ಟೇ ಮುಗಿದಿದೆ. ಬಾಂಗ್ಲಾದೇಶಿಯರ ಚಹಾ ಅಂಗಡಿಯ ಶಟರ್ ಅರ್ಧ ಮೇಲೆದ್ದಿದೆ. ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಒಂದು ಕಾಲಕ್ಕೆ ಬೇಕರಿಯಾಗಿದ್ದ ಇಟ್ಟಿಗೆ ಕಟ್ಟಡದ ಹಿಂಬಾಗಿಲಲ್ಲಿ ಬೂದುಬಣ್ಣದ ಕಾರೊಂದು ನಿಲ್ಲುತ್ತದೆ. ಇಳಿದು ಬಂದ ಹೆಂಗಸು ಒಳಗೆ ಹೋಗಿ ಕೋಟು ಕಳಚುವ ಮೊದಲೇ, ತಲೆಗೆ ಸುತ್ತಿದ ಉಣ್ಣೆಯ ಸ್ಕಾರ್ಫ್ ಬಿಚ್ಚಿ, ಎರಡೂ ಕಿವಿಗಳನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿಕೊಳ್ಳುತ್ತಾರೆ.

“ತಣ್ಣಗಿರೂ ಕಿವಿ ಸುಳ್ಳ ಹೇಳ್ತಾವ್ರಿ. ಅರ್ಧಾ ತಾಸು ಬೆಚ್ಚಗ ಮಾಡಿ, ಆಮ್ಯಾಲೆ ಕೆಲಸ,” ಎನ್ನುತ್ತಾ ನನ್ನ ಕೈಗೊಂದು ಲೋಟ ಚಹಾ ಕೊಡುತ್ತಾರೆ ನೀಲಗಂಗಾ. ಚಹಾ ಆ ಅಂಗಡಿಯದೇ. ಬೆಳಗಿನ ಮೊದಲ ಗಿರಾಕಿ ಇವರು.

ಇದು ಹಾಡಿನ ರಿಕಾರ್ಡುಗಳನ್ನು ಅಚ್ಚು ಹಾಕುವ ಕಾರ್ಖಾನೆ. ನಾವೆಲ್ಲ ಚಿಕ್ಕವರಿದ್ದಾಗ ಪ್ಲೇಟು ಎನ್ನುತ್ತಿದ್ದೆವಲ್ಲ, ಆ ಕಪ್ಪು ತಟ್ಟೆಗಳು ಅಮೆರಿಕದಲ್ಲಿ ಮತ್ತೆ ಮಾರಾಟವಾಗುತ್ತಿವೆ. ಎರಡು ಹಳೆಯ ಯಂತ್ರ, ಒಂದು ಬಾಯ್ಲರು, ಬೆರಳೆಣಿಕೆಯ ಕೆಲಸಗಾರರು. ಯಂತ್ರದ ಎರಡು ದವಡೆಗಳ ನಡುವೆ ಬಿಸಿ ಪ್ಲಾಸ್ಟಿಕ್ಕಿನ ಮುದ್ದೆ ಬೀಳುತ್ತದೆ, ದವಡೆ ಮುಚ್ಚುತ್ತದೆ, ಹಬೆ ಬುಸ್ಸೆನ್ನುತ್ತದೆ, ತೆರೆದಾಗ ಅಲ್ಲೊಂದು ರಿಕಾರ್ಡು. ಹೀಗೆ ಬಂದ ತಟ್ಟೆಗಳಲ್ಲಿ ನೂರಕ್ಕೊಂದನ್ನು ಆರಿಸಿ, ಮೊದಲಿನಿಂದ ಕೊನೆಯವರೆಗೆ ಕೇಳಿ, ಎಲ್ಲಾದರೂ ಟಿಕ್ ಎಂದಿತೇ, ಚರ್ ಎಂದಿತೇ, ದನಿ ಅಲುಗಿತೇ ಎಂದು ಹೇಳುವುದು ನೀಲಗಂಗಾ ಅವರ ಕೆಲಸ. ಅವರು ‘ಆತು’ ಎನ್ನದೆ ಒಂದು ಪೆಟ್ಟಿಗೆಯೂ ಹೊರಗೆ ಹೋಗುವುದಿಲ್ಲ.

ಕೇಳುವ ಕೋಣೆ ನಮ್ಮ ಮನೆಗಳ ದೇವರ ಕೋಣೆಗಿಂತ ದೊಡ್ಡದಲ್ಲ. ಗೋಡೆಗೆಲ್ಲ ಗಾದಿ ಹೊಡೆದಿದ್ದಾರೆ. ರಿಕಾರ್ಡು ಹಾಕುವ ಒಂದು ಟರ್ನ್‌ಟೇಬಲ್, ಎರಡು ಜೊತೆ ಹೆಡ್‌ಫೋನ್, ಎರಡು ಕುರ್ಚಿ, ಒಂದು ಪೆನ್ನು. ಫೋನು ಒಳಗೆ ತರುವಂತಿಲ್ಲ. ದಿನಕ್ಕೆ ರಿಕಾರ್ಡಿನ ಸುಮಾರು ಇಪ್ಪತ್ತು ಬದಿ ಕೇಳುತ್ತಾರೆ. ಪೋಲಿಷ್ ಮದುವೆ ಹಾಡು, ಚರ್ಚಿನ ಮೇಳ, ಹುಡುಗರು ಗಿಟಾರ್ ಹಿಡಿದು ಕಿರುಚುವ ಹಾಡು, ಯಾವುದು ಬಂದರೂ ಸರಿ. ಮೂರು ಬದಿ ಮುಗಿದ ಮೇಲೆ ಹೊರಗೆ ಬಂದು ಗೋಡೆಗೊರಗಿ ಸುಮ್ಮನೆ ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಯಾರೂ ಅವರನ್ನು ಮಾತನಾಡಿಸುವುದಿಲ್ಲ.

“ಮಂದಿ ಅಂತಾರ, ಏನ್ ಚಲೋ ನೌಕರಿ ನಿಮ್ದು, ದಿನಾ ಹಾಡು ಕೇಳ್ಕೋತ ಕೂಡ್ತೀರಿ ಅಂತ. ನಾ ಹಾಡು ಎಲ್ಲಿ ಕೇಳ್ತೀನ್ರಿ? ಹಾಡಿನ ಸಂದ್ಯಾಗ ಕಸ ಹುಡುಕ್ತೀನಿ. ಅಕ್ಕಿ ಆರ್ಸೂ ಹೊತ್ತಿನ್ಯಾಗ ಅನ್ನದ ರುಚಿ ಹತ್ತತೈತೇನು?”

ನೀಲಗಂಗಾ ಗಜೇಂದ್ರಗಡದವರು. ಗದಗಿನಲ್ಲಿ ಬಿ.ಎಸ್ಸಿ. ಓದಿ, ಕಾರು ಕಂಪನಿಯ ಎಂಜಿನಿಯರ್ ರೇವಣಪ್ಪ ಅವರನ್ನು ಮದುವೆಯಾಗಿ ಮಿಷಿಗನ್‌ಗೆ ಬಂದರು. ಮೊದಲ ಕೆಲವು ವರ್ಷ ವೀಸಾದ ಕಟ್ಟುಪಾಡಿನಿಂದ ಮನೆಯಲ್ಲೇ. ಮಗಳು ಚೇತನಾ ಶಾಲೆಗೆ ಹೋಗತೊಡಗಿದ ಮೇಲೆ, ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ, ಹತ್ತಿರದ ಗೇರ್‌ಬಾಕ್ಸ್ ಕಾರ್ಖಾನೆಗೆ ಅಪ್ಲೈ ಮಾಡಿದರು. ಅಲ್ಲಿ ಕೊಟ್ಟದ್ದು ಕೇಳುವ ಕೆಲಸವೇ. ಜೋಡಿಸಿದ ಗೇರ್‌ಬಾಕ್ಸನ್ನು ತಿರುಗಿಸಿ ಬಿಡುತ್ತಾರೆ. ಹಲ್ಲು ಹಲ್ಲಿಗೆ ಸರಿಯಾಗಿ ಕೂತಿದ್ದರೆ ಒಂದು ಬಗೆಯ ಗುಂಯ್ ಸದ್ದು, ಕೂರದಿದ್ದರೆ ಬೇರೆ ಬಗೆ. ಆ ವ್ಯತ್ಯಾಸ ಇವರಿಗೆ ಬೇಗ ಹಿಡಿಯಿತು. ಹನ್ನೊಂದು ವರ್ಷ ಕೇಳಿದರು. ಆಮೇಲೆ ಕಾರ್ಖಾನೆ ಮುಚ್ಚಿತು. ಅದೇ ಚಳಿಗಾಲದಲ್ಲಿ ರೇವಣಪ್ಪನವರ ಕೆಲಸವೂ ಹೋಯಿತು.

“ಇಬ್ರೂ ಮನ್ಯಾಗ. ಇವ್ರು ಒಂದು ಕ್ವಾಣ್ಯಾಗ, ನಾ ಒಂದು ಕ್ವಾಣ್ಯಾಗ ಕುಂತು ಕಂಪ್ಯೂಟರಿನ್ಯಾಗ ಕೆಲಸ ಹುಡುಕೂದು. ಒಬ್ರ ಮಾರಿ ಒಬ್ರು ನೋಡಾಕ ಆಗ್ತಿರಲಿಲ್ಲ,” ಎಂದು ನೆನೆಯುತ್ತಾರೆ. ಕೊನೆಗೆ ನೀಲಗಂಗಾ ತಾವಿದ್ದ ಕ್ಯಾಂಟನ್ ಊರಿನ ಇಂಡಿಯನ್ ಅಂಗಡಿಯೊಂದರಲ್ಲಿ ಬೇಳೆ ತೂಗುವ ಕೆಲಸಕ್ಕೆ ಸೇರಿದರು. ರೇವಣಪ್ಪನವರಿಗೆ ಮತ್ತೆ ಕೆಲಸ ಸಿಗಲು ಎರಡು ವರ್ಷ ಹಿಡಿಯಿತು. ಹಳೆಯ ಕಾರ್ಖಾನೆಯ ಗೆಳತಿಯೊಬ್ಬಳು ಒಮ್ಮೆ ಅಂಗಡಿಗೆ ಕೊತ್ತಂಬರಿ ಕೊಳ್ಳಲು ಬಂದಾಗ ಹೇಳಿದ್ದು: ಹ್ಯಾಮ್‌ಟ್ರಾಮ್ಕ್‌ನಲ್ಲಿ ಯಾರೋ ಕಿವಿ ಇರುವವರನ್ನು ಹುಡುಕುತ್ತಿದ್ದಾರಂತೆ.

ಆ ‘ಯಾರೋ’ ಕರ್ಟಿಸ್ ಹ್ಯಾನ್ಲಿ, ಈ ಕಾರ್ಖಾನೆಯ ಮಾಲೀಕ. ಹಾಡನ್ನು ಮೂಲ ತಟ್ಟೆಯ ಮೇಲೆ ಗೆರೆಯಾಗಿ ಕೊರೆಯುವವನೂ ಆತನೇ. ಡೆಟ್ರಾಯಿಟ್‌ನಲ್ಲೇ ಹುಟ್ಟಿ ಬೆಳೆದ ಐವತ್ತರ ಮನುಷ್ಯ. “ಸಂಗೀತ ಗೊತ್ತಿರುವವರು ನಾಲ್ಕು ಜನ ಬಂದಿದ್ದರು. ಹಾಡು ಚೆನ್ನಾಗಿದ್ದರೆ ಅವರು ತಪ್ಪನ್ನು ಮರೆತುಬಿಡುತ್ತಿದ್ದರು. ಈಕೆಗೆ ಸಂಗೀತ ಗೊತ್ತಿರಲಿಲ್ಲ, ಸದ್ದು ಗೊತ್ತಿತ್ತು,” ಎಂದು ನಗುತ್ತಾನೆ.

ಕನ್ನಡ ಸಂಘದ ಕೂಟಗಳಲ್ಲಿ ಮಾತ್ರ ಈ ಕೆಲಸವನ್ನು ವಿವರಿಸುವುದು ಕಷ್ಟ. “ನೀವು ಐ.ಟಿ.ನಾ ಆಂಟಿ?” ಎಂದು ಹುಡುಗಿಯರು ಕೇಳುತ್ತಾರೆ. “ಆಡಿಯೊ,” ಎಂದು ಹೇಳಿ ನೀಲಗಂಗಾ ಪಲ್ಯ ಬಡಿಸಲು ಹೋಗಿಬಿಡುತ್ತಾರೆ. ಆನ್ ಆರ್ಬರ್‌ನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ತಾಯಿಯನ್ನು ರೇಗಿಸುವ ಬಗೆಯೇ ಬೇರೆ. ಕುಕ್ಕರ್ ಕೂಗಿದರೂ ತಾಯಿ ಕಿವಿ ನಿಮಿರಿಸುವುದನ್ನು ಕಂಡು, “ಅಮ್ಮಾ, ಪ್ಲೀಸ್, ಇಟ್ಸ್ ಜಸ್ಟ್ ಎ ಕುಕ್ಕರ್!” ಎನ್ನುತ್ತಾಳೆ.

ಕಳೆದ ವರ್ಷ ಫೆಬ್ರುವರಿಯಲ್ಲಿ ಈ ಕೋಣೆಗೆ ಜಮೈಕಾದ ಹಾಡುಗಾರನೊಬ್ಬನ ರಿಕಾರ್ಡಿನ ಮಾದರಿ ತಟ್ಟೆಗಳು ಬಂದವು. ಹಾಡುಗಾರನ ಹೆಸರು ಆರ್ವಿಲ್ ಟಗ್ವೆಲ್. ಎಪ್ಪತ್ತರ ದಶಕದಲ್ಲಿ ಅಲ್ಲಿನ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ರೆಗೆ ಎಂಬ ಬಗೆಯ ಹಾಡು ಹಾಡುತ್ತಿದ್ದವನು. ದೇವರು, ಹಸಿವು, ಪೂರ್ವಜರು ದಾಟಿ ಬಂದ ಸಮುದ್ರ, ಒಂದು ದಿನ ಮನೆಗೆ ಮರಳುವ ಆಸೆ, ಇವೇ ಅವನ ಹಾಡುಗಳು. ಷಿಕಾಗೊದ ಸಣ್ಣ ಕಂಪನಿಯೊಂದು ಅವನ್ನೆಲ್ಲ ಹುಡುಕಿ ತೆಗೆದು ಎರಡು ತಟ್ಟೆಗಳ ಸೆಟ್ಟಾಗಿ ಹೊರತರಲು ಹೊರಟಿತ್ತು. ಒಂದರಲ್ಲಿ ಹಾಡುಗಳು. ಇನ್ನೊಂದರಲ್ಲಿ ಅದೇ ಹಾಡುಗಳ ಡಬ್.

ಡಬ್ ಎಂದರೇನೆಂದು ನೀಲಗಂಗಾ ಅವರಿಗೆ ಆಗ ಗೊತ್ತಿರಲಿಲ್ಲ. ನನಗೂ ಇಲ್ಲಿಗೆ ಬರುವವರೆಗೆ ಗೊತ್ತಿರಲಿಲ್ಲ. ಆ ಕಾಲದ ಜಮೈಕಾದಲ್ಲಿ ಸಣ್ಣ ರಿಕಾರ್ಡಿನ ಮುಂಬದಿಗೆ ಹಾಡು ಹಾಕಿ, ಹಿಂಬದಿಗೆ ಅದೇ ಹಾಡನ್ನು ದನಿ ತೆಗೆದು ಹಾಕುತ್ತಿದ್ದರು. ಬರೀ ಡ್ರಮ್ಮು, ಬೇಸ್ ಗಿಟಾರು. ಧ್ವನಿಮುದ್ರಣದ ಎಂಜಿನಿಯರು ಅದರೊಡನೆ ಆಟವಾಡುತ್ತಿದ್ದ. ಡ್ರಮ್ಮಿನ ಒಂದು ಪೆಟ್ಟು ಬಾವಿಯೊಳಗೆ ಬಿದ್ದಂತೆ ಮಾರ್ದನಿಸುತ್ತಾ ಹೋಗುತ್ತದೆ. ಎಲ್ಲಿಂದಲೋ ಗುಡುಗುತ್ತದೆ. ಹಾಡುಗಾರನ ದನಿ ಅರ್ಧ ಸಾಲು ಕೇಳಿ, ಅಲ್ಲಿಗೇ ಕತ್ತರಿಸಿಹೋಗುತ್ತದೆ. ಮತ್ತೆಷ್ಟೋ ಹೊತ್ತಿನ ಮೇಲೆ ಒಂದೇ ಪದ ತೇಲಿ ಬರುತ್ತದೆ.

“ನಾ ಕೇಳ್ಕೋತ ಕುಂತೆ, ಬರಕೋತ ಹೋದೆ. ಇಲ್ಲಿ ದನಿ ಕಟ್ ಆಗೇತಿ, ಇಲ್ಲಿ ಸಿಡ್ಲು ಹೊಡದಂಗ ಸಪ್ಪಳ, ಇಲ್ಲಿ ಎರಡ ಸಲ ಕೇಳಸ್ತೈತಿ. ಹಾಳಿ ತುಂಬಿ ಹಿಂದ ತಿರುವಿ ಬರದೆ. ಕರ್ಟಿಸ್‌ಗೆ ಒಯ್ದು ಕೊಟ್ಟು, ಏನಪಾ, ಪೂರಾ ಕೆಟ್ಟೈತಿ ಇದು, ಒಂದ ಸಾಲೂ ನೆಟ್ಟಗಿಲ್ಲ ಅಂದೆ. ಅಂವ ಹಾಳಿ ನೋಡ್ದ, ನಗಾಕ ಹತ್ತಿದ. ಕುರ್ಚಿ ಹಿಡಕೊಂಡು ನಕ್ಕ. ಆಮ್ಯಾಲೆ ಪಾಪ ಕುಂದ್ರಿಸಿ ತಿಳಿಸಿ ಹೇಳ್ದ. ನನಗೂ ನಗಿ ಬಂತು.”

ಅಲ್ಲಿಂದ ಮತ್ತೆ ಮೊದಲಿನಿಂದ ಕೇಳಬೇಕಾಯಿತು. ಯಾವ ಸದ್ದು ಬೇಕೆಂದೇ ಇಟ್ಟದ್ದು, ಯಾವುದು ಯಂತ್ರದ ತಪ್ಪು ಎಂದು ಬೇರ್ಪಡಿಸಲು ಹಾಡಿನ ತಟ್ಟೆಯನ್ನೂ ಡಬ್ ತಟ್ಟೆಯನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದರು. ಎರಡು ವಾರದಲ್ಲಿ ಅಚ್ಚುಗಳು ಸಿದ್ಧವಾದವು. ಯಂತ್ರಕ್ಕೆ ಏರಿಸುವುದೊಂದೇ ಬಾಕಿ.

ಅಷ್ಟರಲ್ಲಿ ಷಿಕಾಗೊದಿಂದ ಫೋನು ಬಂತು. ಡಬ್ ತಟ್ಟೆ ಬೇಡ ಎಂದಿದ್ದಾನೆ ಹಾಡುಗಾರ. ಹಾಡುಗಳಿಗೆ ಮಾತ್ರ ಅವನ ಒಪ್ಪಿಗೆ ಪಡೆದಿದ್ದ ಕಂಪನಿ, ಡಬ್‌ಗೂ ಅದೇ ಸಾಕೆಂದು ತಿಳಿದಿತ್ತು. ಸಾಲಲಿಲ್ಲ. ಕರ್ಟಿಸ್‌ಗೆ ಇದು ಸಣ್ಣ ಪೆಟ್ಟಲ್ಲ. ಆ ಆರ್ಡರನ್ನು ನಂಬಿ ಬೇರೆ ಎರಡು ಕೆಲಸಗಳನ್ನು ವಾಪಸು ಕಳಿಸಿದ್ದ. ಅರ್ಧ ಆರ್ಡರ್ ಹೋದರೆ ಯಂತ್ರದವರನ್ನು ತಿಂಗಳುಗಟ್ಟಲೆ ಮನೆಗೆ ಕಳಿಸಬೇಕು. ಆತ ಟಗ್ವೆಲ್‌ಗೆ ತಾನೇ ಫೋನು ಮಾಡಿದ: “ಒಂದು ಸಲ ಬಂದು ಕೇಳಿ. ಆಮೇಲೂ ಬೇಡವೆಂದರೆ ಅಚ್ಚುಗಳನ್ನು ನಿಮ್ಮ ಕಣ್ಣೆದುರಿಗೇ ಮುರಿಸುತ್ತೇನೆ.”

ಮಾರ್ಚ್‌ನ ಒಂದು ಮಧ್ಯಾಹ್ನ ಎಪ್ಪತ್ತು ದಾಟಿದ ಟಗ್ವೆಲ್ ರೈಲಿನಲ್ಲಿ ಬಂದಿಳಿದ. ಅಮೆರಿಕಕ್ಕೆ ಬಂದ ಮೇಲೆ ಅವನು ಷಿಕಾಗೊದ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ದುಡಿದು ನಿವೃತ್ತನಾದವನು. ಹಾಡುವುದು ಚರ್ಚಿನಲ್ಲಿ ಮಾತ್ರ. ಕೇಳುವ ಕೋಣೆಯಲ್ಲಿ ಇಬ್ಬರಿಗಷ್ಟೇ ಜಾಗ. ಕರ್ಟಿಸ್ ಹೊರಗೆ ನಿಂತ. ಒಳಗೆ ನೀಲಗಂಗಾ ಮತ್ತು ಆ ಹಾಡುಗಾರ.

“ಬಂದಾಂವ ಕೋಟು ಸೈತ ಬಿಚ್ಚಲಿಲ್ರಿ. ಹ್ಯಾಟು ತೊಡಿ ಮ್ಯಾಲ ಇಟಗೊಂಡು, ಈಗ ಎದ್ದು ಹೋಗಾಂವ್ರಂಗ ಕುಂತಿದ್ದ. ಮೊದ್ಲ ಹಾಡು ಹಚ್ಚಿದೆ. ತಲಿ ಅಲ್ಲಾಡಿಸಿಕೋತ ಕೇಳಿದ. ಆಮ್ಯಾಲೆ ಡಬ್ ಹಚ್ಚಿದೆ. ಅವನ ದನಿ ಕಟ್ ಆತಲ್ಲ, ತಟ್ಟನ ಹೆಡ್‌ಫೋನ್ ಕಿತ್ತು ಇಟ್ಟ.”

ಆಗ ಟಗ್ವೆಲ್ ಆಕೆಗೆ ಹೇಳಿದ ಸಂಗತಿಯನ್ನು ನಾನು ಅವನಿಂದಲೂ ಫೋನಿನಲ್ಲಿ ಕೇಳಿದೆ. ಷಿಕಾಗೊಗೆ ಬಂದ ಹೊಸದರಲ್ಲಿ ಅವನೊಂದು ಪಾರ್ಟಿಗೆ ಹೋಗಿದ್ದನಂತೆ. ಅಲ್ಲಿ ಅವನದೇ ಹಾಡಿನ ಡಬ್ ಹಾಕಿದರು. ಜನ ಕಣ್ಣು ಮುಚ್ಚಿ ಕುಣಿಯುತ್ತಿದ್ದರು. ಅವನ ದನಿ ಅರ್ಧ ಸಾಲು ಬಂದು ನಿಂತಿತು. ಇದು ನಾನು ಎಂದು ಯಾರಿಗಾದರೂ ಹೇಳಬೇಕು ಎನ್ನಿಸಿತು. ಅಷ್ಟರಲ್ಲಿ ಪಕ್ಕದವನೊಬ್ಬ, “ಸ್ವಲ್ಪ ಸರಿಯಣ್ಣ, ಸ್ಪೀಕರಿಗೆ ಅಡ್ಡ ನಿಂತಿದ್ದೀಯ,” ಎಂದ. ಇವನು ಸರಿದು ನಿಂತ. ಕೋಟು ತೆಗೆದುಕೊಂಡು ಮನೆಗೆ ನಡೆದ. ಆಮೇಲೆ ಎಲ್ಲೇ ಡಬ್ ಕೇಳಿದರೂ ಅಲ್ಲಿಂದ ಎದ್ದುಬಿಡುತ್ತಿದ್ದ. “ನನ್ನನ್ನು ನನ್ನ ಮನೆಯಿಂದಲೇ ಹೊರಗೆ ಹಾಕಿ, ಒಳಗೆ ಹಬ್ಬ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು,” ಎಂದ ನನ್ನೊಡನೆ.

ಕೋಣೆಯಲ್ಲಿ ಆ ಸಂಗತಿ ಹೇಳಿ ಮುಗಿಸಿ ಟಗ್ವೆಲ್ ಆಕೆಯ ಕಡೆ ತಿರುಗಿದ. ಆಮೇಲೆ ನಡೆದದ್ದನ್ನು ನೀಲಗಂಗಾ ಅವರ ಮಾತಿನಲ್ಲೇ ಕೇಳಬೇಕು.

“ಅಂವ ಕೇಳ್ದ, ನಿನ್ನ ಕೆಲಸ ಏನು ಅಂತ. ತಪ್ಪು ಹುಡುಕೂದು ಅಂದೆ. ಇದರಾಗ ಎಷ್ಟು ಸಿಕ್ಕಾವು ಅಂದ. ಮೊದಲ್ನೇ ಸಲ ಪೂರಾ ತಪ್ಪ ಅಂತ ಬರದಿದ್ದೆ ಅಂದೆ. ಅಷ್ಟೊತ್ತನ್ಯಾಗ ಅಂವ ಒಮ್ಮೆ ನಕ್ಕ ನೋಡ್ರಿ. ಹಂಗಾರ ನೀನೂ ನನ್ನ ಪಾರ್ಟಿ ಅಂದ. ಇಲ್ಲ, ಈಗ ಹಂಗಿಲ್ಲ ಅಂದೆ. ಮತ್ತ ಹೆಂಗ ಅಂದ.

“ನನಗ ಏನ್ ಹೇಳ್ಬೇಕು ತಿಳೀಲಿಲ್ಲ. ಇದ್ದದ್ದು ಹೇಳಿದೆ. ನೋಡ್ರಿ, ಹಾಡಿನ್ಯಾಗ ನೀವು ಸುರುವಿನಿಂದ ಕೊನೀತನ ಇರ್ತೀರಿ. ನೀವು ಅಲ್ಲೇ ಅದೀರಿ ಅಂತ ಗೊತ್ತಿರತೈತಿ, ನಾ ನನ್ನ ಕೆಲಸ ಮಾಡ್ತೀನಿ. ಡಬ್ಬಿನ್ಯಾಗ ನೀವು ಎದ್ದು ಹೋಗಿಬಿಡ್ತೀರಿ. ಹೋದ ಕೂಡ್ಲೆ ನಾ ಕೆಲಸ ಬಿಟ್ಟು ನಿಮ್ಮ ಹಾದಿ ಕಾಯ್ತೀನಿ. ಈಗ ಬರ್ತೀರಿ, ಈಗ ಬರ್ತೀರಿ ಅಂತ. ಹಂಗ ಕಾಯ್ಕೋತ ಕುಂತು, ಎರಡು ಖರೇ ಟಿಕ್ಕು ಬಿಟ್ಟೀನಿ. ತಿರುಗಿ ಕೇಳಿದಾಗ ಸಿಕ್ಕವು. ನನ್ನ ನೌಕರಿಯೊಳಗ ಹಂಗ ಯಾವತ್ತೂ ಆಗಿದ್ದಿಲ್ರಿ.”

ಟಗ್ವೆಲ್ ಹ್ಯಾಟನ್ನು ತೊಡೆಯಿಂದ ತೆಗೆದು ನೆಲದ ಮೇಲಿಟ್ಟ. ಆ ಟಿಕ್ಕುಗಳು ಎಲ್ಲಿದ್ದವು, ತೋರಿಸು ಎಂದ. ನೀಲಗಂಗಾ ಸೂಜಿಯನ್ನು ಅಲ್ಲಿಗೇ ಇಳಿಸಿದರು. ದನಿ ಕತ್ತರಿಸಿತು. ಡ್ರಮ್ಮು, ಬೇಸು, ದೂರದ ಗುಡುಗು. ಅವನು ಕಣ್ಣು ಮುಚ್ಚಿ ಕಾದ. ಅವನದೇ ಇಪ್ಪತ್ತೈದರ ವಯಸ್ಸಿನ ದನಿ ಒಂದು ಪದ ಹಿಡಿದುಕೊಂಡು ಬಂದಾಗ ತುಟಿ ಅಲುಗಿತು. ಆ ಬದಿ ಮುಗಿದ ಮೇಲೆ ಇನ್ನೊಂದು ಬದಿ ಹಾಕಿಸಿಕೊಂಡ. ಹೊರಗೆ ಕರ್ಟಿಸ್ ಮೂರು ಲೋಟ ಕಾಫಿ ಕುಡಿದು ಮುಗಿಸಿದ್ದ.

ಬಾಗಿಲು ತೆರೆದು ಬಂದ ಟಗ್ವೆಲ್ ಒಂದು ಶರತ್ತು ಹಾಕಿದ. ಡಬ್ಬುಗಳನ್ನು ಬೇರೆ ತಟ್ಟೆಗೆ ಹಾಕಬಾರದು. ಪ್ರತಿ ಹಾಡಿನ ಬೆನ್ನಿಗೇ ಅದರ ಡಬ್ ಬರಬೇಕು, ಹಳೆಯ ಸಣ್ಣ ರಿಕಾರ್ಡುಗಳ ಮುಂಬದಿ ಹಿಂಬದಿಯ ಹಾಗೆ. “ಮೊದಲು ನನ್ನನ್ನು ಕೇಳಲಿ. ಆಮೇಲೆ ನಾನಿಲ್ಲದ್ದನ್ನು ಕೇಳಲಿ.”

ಇಷ್ಟು ಹೇಳಲು ಸುಲಭ. ಆದರೆ ನಾಲ್ಕೂ ಬದಿಗಳನ್ನು ಹೊಸದಾಗಿ ಕೊರೆಯಬೇಕು, ಹೊಸ ಅಚ್ಚು ಮಾಡಿಸಬೇಕು. ಆಗಸ್ಟ್‌ನಲ್ಲಿ ಷಿಕಾಗೊದ ಉದ್ಯಾನವೊಂದರಲ್ಲಿ ಟಗ್ವೆಲ್‌ನ ಕಾರ್ಯಕ್ರಮ ಗೊತ್ತಾಗಿತ್ತು. ಅಷ್ಟರೊಳಗೆ ರಿಕಾರ್ಡು ಬರಬೇಕು. ಕರ್ಟಿಸ್ ವಾರಾಂತ್ಯಗಳನ್ನೂ ಬಿಡದೆ ಕೊರೆದ. ಜುಲೈ ಕೊನೆಗೆ ಯಂತ್ರಗಳು ಶುರುವಾದವು. ಮೊದಲ ತಟ್ಟೆ ಪಾಸಾಯಿತು. ಎರಡನೆಯದರಲ್ಲಿ ನೀಲಗಂಗಾ ಕೈ ಎತ್ತಿದರು. ಮೂರನೆಯ ಬದಿಯಲ್ಲಿ, ದನಿ ಹೋದ ಮೇಲಿನ ಮೌನದಲ್ಲಿ, ಒಂದು ಟಿಕ್.

“ನನಗೆ ಅದು ಕೇಳಿಸಲೇ ಇಲ್ಲ,” ಎಂದು ಕರ್ಟಿಸ್ ಒಪ್ಪಿಕೊಳ್ಳುತ್ತಾನೆ. “ಐದು ಸಲ ಕೇಳಿದ ಮೇಲೆ ಕೇಳಿಸಿತು. ಇಷ್ಟಕ್ಕೆಲ್ಲ ಅಚ್ಚು ಬದಲಿಸುವುದಾ ಅಂತ ಸಿಟ್ಟು ಬಂತು. ಹೊಸ ಅಚ್ಚು ಬರಲು ಒಂದು ವಾರ. ಕಾರ್ಯಕ್ರಮಕ್ಕೆ ಉಳಿದದ್ದು ಹತ್ತು ದಿನ. ಅವತ್ತು ಆಕೆಯೊಡನೆ ಜಗಳವಾಡಿದೆ.”

“ಜಗಳ ಆತು, ಖರೇ,” ಎನ್ನುತ್ತಾರೆ ನೀಲಗಂಗಾ. “ಬ್ಯಾರೆ ಹಾಡಿನ್ಯಾಗ ಆಗಿದ್ರ ಬಿಡ್ತಿದ್ದೆ ಏನೋ. ಗದ್ದಲದಾಗ ಮುಚ್ಚಿ ಹೋಗತೈತಿ. ಇದು ಅವನ ಹಾದಿ ಕಾಯೂ ಜಾಗಾ. ಅಲ್ಲಿ ಟಿಕ್ ಅಂದ್ರ, ಬಾಗಿಲು ಬಡದ್ರೇನೋ ಅಂತ ಎದ್ದು ನೋಡಿದಂಗ ಆಗತೈತಿ. ಅದು ಬ್ಯಾಡ ಅಂದೆ. ಸಹಿ ಹಾಕಂಗಿಲ್ಲ ಅಂದೆ. ಮನಿಗೆ ಬಂದು ಅತ್ತೆ. ಮರುದಿನ ಕೆಲಸ ಇರತೈತೋ ಇಲ್ಲೋ ಗೊತ್ತಿರಲಿಲ್ಲ.”

ಮರುದಿನ ಬೆಳಿಗ್ಗೆ ಹೋದಾಗ ಕರ್ಟಿಸ್ ಆಗಲೇ ಹೊಸದಾಗಿ ಕೊರೆಯುತ್ತಿದ್ದ. ಚಹಾ ಲೋಟ ತೋರಿಸಿ, ಅಲ್ಲಿದೆ ನೋಡು ಎಂಬಂತೆ ಗದ್ದ ಅಲುಗಿಸಿದ. ಕಾರ್ಯಕ್ರಮದ ಹಿಂದಿನ ಸಂಜೆ ಪೆಟ್ಟಿಗೆಗಳು ಷಿಕಾಗೊ ತಲುಪಿದವು.

ಅವುಗಳ ಹಿಂದೆಯೇ ನೀಲಗಂಗಾ ಮತ್ತು ರೇವಣಪ್ಪ ಡ್ರೈವ್ ಮಾಡಿಕೊಂಡು ಹೋದರು. ಟಗ್ವೆಲ್ ಕರೆದಿದ್ದ. ದಾರಿಯಲ್ಲಿ, ಷಿಕಾಗೊದ ಇಂಡಿಯನ್ ಅಂಗಡಿಗಳ ಬೀದಿಯಾದ ಡೆವನ್ ಅವೆನ್ಯೂದಲ್ಲಿ ಪಾರ್ಕಿಂಗ್ ಸಿಗದೆ ಸುತ್ತು ಹಾಕಿದ್ದೂ, ಕೊನೆಗೆ ಊಟ ಬಿಟ್ಟು ಎರಡು ಸಮೋಸ ಕಟ್ಟಿಸಿಕೊಂಡು ಹೊರಟಿದ್ದೂ ರೇವಣಪ್ಪನವರಿಗೆ ಇನ್ನೂ ಮರೆತಿಲ್ಲ. ಉದ್ಯಾನದಲ್ಲಿ ಹುಲ್ಲಿನ ಮೇಲೆ ಕುರ್ಚಿ ಹಾಕಿದ್ದರು. ಟಗ್ವೆಲ್ ಐದು ಹಾಡು ಹಾಡಿದ. ದನಿ ಮೊದಲಿನಷ್ಟು ಎತ್ತರಕ್ಕೆ ಏರುವುದಿಲ್ಲ, ಆದರೆ ಒಡೆದಿಲ್ಲ. ಆರನೆಯ ಹಾಡಿನ ನಡುವೆ, ಸಾಲು ಅರ್ಧದಲ್ಲಿರುವಾಗಲೇ, ಮೈಕು ಬಿಟ್ಟು ಹಿಂದೆ ಸರಿದು ವೇದಿಕೆಯ ಮೂಲೆಯ ಸ್ಟೂಲಿನ ಮೇಲೆ ಕುಳಿತ. ಡ್ರಮ್ಮು, ಬೇಸು ನಡೆಯುತ್ತಲೇ ಇದ್ದವು. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಮೊದಲು ಜನರಿಗೆ ಅರ್ಥವಾಗಲಿಲ್ಲ, ಮೈ ಹುಷಾರಿಲ್ಲವೇನೋ ಎಂದುಕೊಂಡರು. ಆಮೇಲೆ ಒಬ್ಬೊಬ್ಬರೇ ಸುಮ್ಮನಾದರು. ಎಷ್ಟೋ ಹೊತ್ತಿನ ಮೇಲೆ ಎದ್ದು ಬಂದು, ಬಿಟ್ಟಿದ್ದ ಅರ್ಧ ಸಾಲನ್ನು ಹಾಡಿದಾಗ ಇಡೀ ಉದ್ಯಾನ ಎದ್ದು ನಿಂತಿತು.

“ನಾ ಅವನ್ನ ನೋಡ್ಲಿಲ್ರಿ, ಇಕಿನ್ನ ನೋಡಿದೆ,” ಎನ್ನುತ್ತಾರೆ ರೇವಣಪ್ಪ. “ಕುರ್ಚಿ ತುದೀಗೆ ಬಂದು ಕುಂತಿದ್ಲು. ಬೀಳ್ತಾಳೇನೋ ಅಂತ ಹಿಂದಿಂದ ಸೆರಗು ಹಿಡಕೊಂಡಿದ್ದೆ.”

ರಿಕಾರ್ಡಿನ ಹೊದಿಕೆಯ ಮೇಲೆ ಹಾಡುಗಾರ, ವಾದ್ಯದವರು, ಎಂಜಿನಿಯರು, ಚಿತ್ರ ಬರೆದವರು ಎಲ್ಲರ ಹೆಸರಿದೆ. ಕೇಳಿ ಪಾಸು ಮಾಡಿದವರ ಹೆಸರು ಹಾಕುವ ರೂಢಿ ಈ ಉದ್ಯಮದಲ್ಲಿ ಇಲ್ಲ. ಹಾಕಿಸೋಣವೇ ಎಂದು ಟಗ್ವೆಲ್ ಕೇಳಿದ್ದನಂತೆ. ಅದಾಗಲೇ ಹೊದಿಕೆ ಅಚ್ಚಾಗಿತ್ತು. “ಚಲೋ ಆತು ಬಿಡ್ರಿ. ನನ್ನ ಹೆಸರಿನ ಸ್ಪೆಲ್ಲಿಂಗು ತಪ್ಪು ಹಾಕ್ತಿದ್ರು, ಅದನ್ನೂ ನಾನ ಹುಡುಕಬೇಕಾಗ್ತಿತ್ತು,” ಎಂದು ನಗುತ್ತಾರೆ.

ಕಳೆದ ಅಕ್ಟೋಬರಿನಲ್ಲಿ ಕಿವಿಯ ಪರೀಕ್ಷೆಯಾಯಿತು. ಈ ಕೆಲಸದಲ್ಲಿ ಪ್ರತಿ ವರ್ಷ ಆಗಲೇಬೇಕು. ಬಲಗಿವಿಗೆ ತೀರ ಸಣ್ಣ, ಎತ್ತರದ ಸದ್ದುಗಳು ಮಸುಕಾಗುತ್ತಿವೆ ಎಂದರು ಡಾಕ್ಟರು. ವಯಸ್ಸಿನದು, ಔಷಧಿ ಇಲ್ಲ. ನೀಲಗಂಗಾ ಅದನ್ನು ಅದೇ ದಿನ ಕರ್ಟಿಸ್‌ಗೆ ಹೇಳಿದರು. ಈಗ ಪ್ರತಿ ಬದಿಯನ್ನೂ ಹೆಡ್‌ಫೋನ್ ಅದಲು ಬದಲು ಮಾಡಿ ಎಡಗಿವಿಯಲ್ಲಿ ಇನ್ನೊಮ್ಮೆ ಕೇಳುತ್ತಾರೆ. ಕೆಲಸ ನಿಧಾನ. ಇನ್ನೆರಡು ವರ್ಷ ಆಗಬಹುದು, ಆಮೇಲೆ ಬೇರೆಯವರಿಗೆ ಬಿಟ್ಟುಕೊಡಬೇಕು. ಅದನ್ನು ಹೇಳುವಾಗ ಅವರ ದನಿಯಲ್ಲಿ ಅಳುಕಿಲ್ಲ, ಆದರೆ ಬಲಗೈ ತಾನಾಗಿ ಕಿವಿಯ ಕಡೆಗೆ ಹೋಗುತ್ತದೆ.

ಕ್ಯಾಂಟನ್‌ನ ಮನೆಯಲ್ಲಿ ಟಿ.ವಿ. ಪಕ್ಕದ ಕಪಾಟಿನಲ್ಲಿ ಟಗ್ವೆಲ್ ಸಹಿ ಹಾಕಿ ಕೊಟ್ಟ ಸೆಟ್ಟು ನಿಂತಿದೆ. ಮೇಲಿನ ತೆಳು ಪ್ಲಾಸ್ಟಿಕ್ಕನ್ನು ಇನ್ನೂ ಹರಿದಿಲ್ಲ. ಯಾಕೆ ಹಾಕಿ ಕೇಳಿಲ್ಲ ಎಂದೆ.

“ಈಗ ಹಚ್ಚಿದ್ರ ಮತ್ತ ಕಸಾನ ಹುಡುಕ್ತೀನ್ರಿ. ನೌಕರಿ ಬಿಟ್ಟ ಮರುದಿನ ಹಚ್ತೀನಿ. ಇವ್ರಿಗೆ ಹೇಳೀನಿ, ಅವತ್ತು ಮನ್ಯಾಗ ಒಂದೂ ಪೆನ್ನು ಇರಬಾರದು, ನನ್ನ ಯಾರೂ ಕರೀಬಾರದು. ಕಾಲು ಚಾಚಿ ಕುಂತು, ಬರೇ ಹಾಡು ಕೇಳ್ಬೇಕು. ಅಲ್ಲೀತನ ಈ ಕಿವಿ ಇದ್ರ ಸಾಕು.”